ಕೆಲಸ ಹೋಯಿತು, ಈಗ ದುಡ್ಡು ಬರುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದ ಒಂದು ಚಿಕ್ಕ ಫ್ಯಾಕ್ಟರಿಯಲ್ಲಿ ನಾನು ತುಂಬಾ ವರ್ಷ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಸಂಬಳದ ಲೆಕ್ಕ ಹಾಕುವುದು, ಪ್ರತಿ ತಿಂಗಳು 15ನೇ ತಾರೀಖಿನೊಳಗೆ ಇಎಸ್‌ಐ (ಕಾರ್ಮಿಕರ ವಿಮೆ), ಪಿಎಫ್ (ಭವಿಷ್ಯ ನಿಧಿ) ಚಲನ್ ಕಟ್ಟುವುದು ನನ್ನ ಕೆಲಸ. 2020ರಲ್ಲಿ ನನ್ನ ಕೆಲಸವೇ ಹೋಯಿತು. ಬೇರೆಯವರ ಫಾರ್ಮ್ ತುಂಬುತ್ತಿದ್ದವನು ನನ್ನ ಫಾರ್ಮ್ ನಾನೇ ತುಂಬಿಕೊಂಡೆ. ಅದಾದ ಮೇಲೆ ನಮ್ಮ ಬೀದಿಯವರು, ಅವರ ನೆಂಟರು, ನೆಂಟರ ಪಕ್ಕದ ಮನೆಯವರು ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೆ ಹೇಳಿ ಗಂಟಲು ಕಟ್ಟಿದೆ, ಅದಕ್ಕೇ ಬರೆದು ಹಾಕುತ್ತಿದ್ದೇನೆ.

ಫಾರಿನ್‌ನಲ್ಲಿ ಕೊಡೋ ಹಾಗೆ ನಮ್ಮಲ್ಲೂ ಸರ್ಕಾರ ನಿರುದ್ಯೋಗ ಭತ್ಯೆ ಕೊಡುತ್ತಾ?

ಕೆಲಸ ಹೋದ ಎಲ್ಲರಿಗೂ ಅಂತ ಒಂದೇ ಭತ್ಯೆ, ಒಂದೇ ಕಚೇರಿ ನಮ್ಮಲ್ಲಿ ಇಲ್ಲ. ಇರುವುದು ಬೇರೆ ಬೇರೆ ಬಾಗಿಲು. ಇಎಸ್‌ಐ ಕಟ್ಟುತ್ತಿದ್ದವರಿಗೆ ಇಎಸ್‌ಐ ನಿಗಮದ ಎರಡು ಯೋಜನೆಗಳಿವೆ. ಡಿಗ್ರಿ, ಡಿಪ್ಲೊಮಾ ಮುಗಿಸಿ ಕೆಲಸ ಸಿಗದೆ ಕೂತ ಹುಡುಗ ಹುಡುಗಿಯರಿಗೆ ಕರ್ನಾಟಕ ಸರ್ಕಾರದ ಯುವನಿಧಿ ಇದೆ. ಪಿಎಫ್ ಇದ್ದವರು ಆ ದುಡ್ಡು ತೆಗೆಯಬಹುದು, ಆದರೆ ಅದು ಭತ್ಯೆ ಅಲ್ಲ, ನಿಮ್ಮದೇ ಉಳಿತಾಯ. ಕಂಪನಿ ಕೊಡಬೇಕಾದ ಪರಿಹಾರ ಇನ್ನೊಂದು ಕಥೆ.

ಯಾವ ಬಾಗಿಲು ತಟ್ಟಿದರೂ ಒಳಗಿನವರು ಮೊದಲು ನೋಡುವುದು ಎರಡೇ. ನಿಮ್ಮ ಕೊನೆಯ ದಿನ ಯಾವುದು, ಕೆಲಸ ಬಿಟ್ಟ ಕಾರಣ ಏನು ಅಂತ ಕಂಪನಿ ಬರೆದಿದೆ. ಈ ಎರಡು ಕಲಂ ಸರಿ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ನನಗೆ ಇಎಸ್‌ಐ ಇದೆಯೋ ಇಲ್ವೋ ಗೊತ್ತಾಗೋದು ಹೇಗೆ?

ಪೇ ಸ್ಲಿಪ್ ನೋಡಿ. 'ಇಎಸ್‌ಐ' ಅಂತ ಹಿಡಿದಿದ್ದರೆ ಇದೆ. ಸಾಮಾನ್ಯವಾಗಿ 10 ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ, ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರಿಗೆ ಇಎಸ್‌ಐ ಅನ್ವಯಿಸುತ್ತದೆ. ಅಂಗವಿಕಲರಿಗೆ ಈ ಮಿತಿ 25,000. ಓವರ್‌ಟೈಮ್ ದುಡ್ಡನ್ನು ಈ ಮಿತಿಗೆ ಲೆಕ್ಕ ಹಿಡಿಯುವುದಿಲ್ಲ.

ನಿಮ್ಮ ಸಂಬಳದಲ್ಲಿ ಹಿಡಿಯುವುದು 0.75 ಪರ್ಸೆಂಟ್, ಕಂಪನಿ ತನ್ನ ಕಡೆಯಿಂದ ಹಾಕುವುದು 3.25 ಪರ್ಸೆಂಟ್. ಅಂದರೆ 18,000 ಸಂಬಳಕ್ಕೆ ನಿಮ್ಮದು 135 ರೂಪಾಯಿ, ಅವರದು 585. ಪೇ ಸ್ಲಿಪ್ಪಲ್ಲಿ ಹಿಡಿದಿದ್ದಾರೆ ಅಂದ ಮಾತ್ರಕ್ಕೆ ಕಟ್ಟಿದ್ದಾರೆ ಅಂತ ನಂಬಬೇಡಿ. ಪೆಹಚಾನ್ ಕಾರ್ಡಿನ (ಇಎಸ್‌ಐ ಗುರುತಿನ ಚೀಟಿ) ಮೇಲೆ 10 ಅಂಕಿಯ ಐಪಿ ನಂಬರ್, ಅಂದರೆ ನಿಮ್ಮ ವಿಮೆಯ ನಂಬರ್ ಇರುತ್ತದೆ. ಅದನ್ನು ಹಾಕಿ ಇಎಸ್‌ಐ ವೆಬ್‌ಸೈಟಿನಲ್ಲಿ ಲಾಗಿನ್ ಆದರೆ ಯಾವ ತಿಂಗಳು ಎಷ್ಟು ದಿನಕ್ಕೆ ವಂತಿಗೆ (ನೀವೂ ಕಂಪನಿಯೂ ಕಟ್ಟುವ ಈ ದುಡ್ಡು) ಬಿದ್ದಿದೆ ಅಂತ ಕಾಣುತ್ತದೆ. ಕೆಲಸ ಇರುವಾಗಲೇ ವರ್ಷಕ್ಕೆರಡು ಸಲ ನೋಡಿಕೊಳ್ಳಿ. ಕಾಂಟ್ರಾಕ್ಟರ್ ಕೆಳಗೆ ಇರುವವರಂತೂ ನೋಡಲೇಬೇಕು. ಒಬ್ಬ ಹೋಗಿ ಇನ್ನೊಬ್ಬ ಕಾಂಟ್ರಾಕ್ಟರ್ ಬರುವ ಸಂದಿಯಲ್ಲೇ ತಿಂಗಳುಗಳು ಮಾಯವಾಗುವುದು.

ಅಟಲ್ ಯೋಜನೆ ಅಂತಾರಲ್ಲ, ಅದು ಏನು?

ಅದರ ಪೂರ್ತಿ ಹೆಸರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. 2018ರ ಜುಲೈ 1ರಿಂದ ಪ್ರಯೋಗ ಅಂತ ಶುರು ಮಾಡಿದರು, ಅವಧಿ ವಿಸ್ತರಿಸುತ್ತ ಬಂದಿದ್ದಾರೆ. ಇಎಸ್‌ಐ ಇದ್ದವರ ಕೆಲಸ ಹೋದರೆ ಗರಿಷ್ಠ 90 ದಿನದವರೆಗೆ ದುಡ್ಡು ಕೊಡುತ್ತಾರೆ. ಜೀವಮಾನದಲ್ಲಿ ಇಷ್ಟೇ, ಮತ್ತೊಮ್ಮೆ 90 ದಿನ ಇಲ್ಲ.

ಮೊದಲು ದಿನದ ಸರಾಸರಿ ಗಳಿಕೆಯ 25 ಪರ್ಸೆಂಟ್ ಕೊಡುತ್ತಿದ್ದರು. ಕೊರೊನಾ ಬಂದಾಗ, 2020ರ ಆಗಸ್ಟ್‌ನಲ್ಲಿ, ಅದನ್ನು 50 ಪರ್ಸೆಂಟ್ ಮಾಡಿದರು. ಕೆಲಸ ಹೋಗಿ 90 ದಿನ ಕಾಯಬೇಕಿದ್ದುದನ್ನು 30 ದಿನಕ್ಕೆ ಇಳಿಸಿದರು. ಇನ್ನೊಂದು ದೊಡ್ಡ ಬದಲಾವಣೆಯೂ ಆಯಿತು. ಮೊದಲು ಅರ್ಜಿ ಹಳೇ ಕಂಪನಿಯ ಮೂಲಕವೇ ಹೋಗಬೇಕಿತ್ತು. ಕೆಲಸದಿಂದ ತೆಗೆದವನ ಹತ್ತಿರವೇ ಹೋಗಿ ಸಹಿ ಹಾಕಿ ಅನ್ನಬೇಕಿತ್ತು, ಯೋಚಿಸಿ! ಆಮೇಲೆ ನೇರವಾಗಿ ಇಎಸ್‌ಐ ಶಾಖಾ ಕಚೇರಿಗೆ ಕೊಡಬಹುದು ಅಂತಾಯಿತು.

ಈ ಸಡಿಲಿಕೆಗಳಿಗೆ ಕೊನೆ ದಿನಾಂಕ ಹಾಕಿ, ಆಮೇಲೆ ಮುಂದಕ್ಕೆ ಹಾಕುವುದು ವಾಡಿಕೆ. ಹಾಗಾಗಿ ನಿಮ್ಮ ಕೆಲಸ ಹೋದ ತಾರೀಖಿಗೆ ಯಾವ ದರ ಅಂತ ಶಾಖಾ ಕಚೇರಿಯಲ್ಲಿ ಒಂದು ಮಾತು ಕೇಳಿಬಿಡಿ.

78 ದಿನ, 78 ದಿನ ಅಂತಾರೆ. ಏನಿದು ಲೆಕ್ಕ?

ಇಎಸ್‌ಐನವರು ವರ್ಷವನ್ನು ಎರಡು ಹೋಳು ಮಾಡಿದ್ದಾರೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30 ಒಂದು, ಅಕ್ಟೋಬರ್ 1ರಿಂದ ಮಾರ್ಚ್ 31 ಇನ್ನೊಂದು. ಒಂದೊಂದನ್ನೂ ವಂತಿಗೆ ಅವಧಿ ಅನ್ನುತ್ತಾರೆ. ಅಟಲ್ ಯೋಜನೆಗೆ ನೀವು ಕೆಲಸ ಹೋಗುವ ಮೊದಲು ಕನಿಷ್ಠ 2 ವರ್ಷ ಇಎಸ್‌ಐ ಇರುವ ಕೆಲಸದಲ್ಲಿ ಇದ್ದಿರಬೇಕು. ಆ 2 ವರ್ಷದಲ್ಲಿ ಇಂಥ ನಾಲ್ಕು ಹೋಳು ಬರುತ್ತವೆ.

ಸಡಿಲಿಸಿದ ನಿಯಮದಲ್ಲಿ, ಕೆಲಸ ಹೋಗುವುದಕ್ಕೆ ಸರಿಯಾಗಿ ಹಿಂದಿನ ಹೋಳಿನಲ್ಲಿ 78 ದಿನ, ಉಳಿದ ಮೂರರಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಬಿದ್ದಿದ್ದರೆ ಸಾಕು. ಮೊದಲು ನಾಲ್ಕರಲ್ಲೂ ಬೇಕಿತ್ತು. ಆರು ತಿಂಗಳಿಗೆ 78 ಅಂದರೆ ತಿಂಗಳಿಗೆ 13 ದಿನ. ಅಷ್ಟೇನೂ ಕಷ್ಟವಲ್ಲ. ಕಷ್ಟ ಆಗುವುದು ಹೆರಿಗೆಗೆ, ಊರ ಹಬ್ಬಕ್ಕೆ, ಅಮ್ಮನ ಆಪರೇಷನ್‌ಗೆ ಅಂತ ಸಂಬಳವಿಲ್ಲದ ರಜೆ ಹಾಕಿದವರಿಗೆ. ಅಂಥವರು ಕೊನೆಯ ಹೋಳನ್ನು ಒಂದೊಂದು ತಿಂಗಳಾಗಿ ಕೂಡಿಸಿ ನೋಡಿ. 76 ಬಂದರೆ ಪೇ ಸ್ಲಿಪ್ ತೆಗೆದು ಮತ್ತೆ ಎಣಿಸಿ. ಕಂಪನಿಯವರು ದಿನ ಕಮ್ಮಿ ಹಾಕಿರುವ ಸಾಧ್ಯತೆ ಇರುತ್ತದೆ.

ಕೈಗೆ ಎಷ್ಟು ಬರುತ್ತೆ, ನೇರವಾಗಿ ಹೇಳಿ.

ನಾಲ್ಕು ವಂತಿಗೆ ಅವಧಿಯ ಒಟ್ಟು ಗಳಿಕೆಯನ್ನು 730ರಿಂದ ಭಾಗಿಸುತ್ತಾರೆ. ತಿಂಗಳಿಗೆ 18,000 ಅಂತ ಇಟ್ಟುಕೊಳ್ಳಿ. 24 ತಿಂಗಳಿಗೆ 4,32,000. ಅದನ್ನು 730ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 592. ಅದರ ಅರ್ಧ 296. 90 ದಿನಕ್ಕೆ ಸುಮಾರು 26,600 ರೂಪಾಯಿ.

ಗಮನಿಸಿ, ನಡುವೆ ಮೂರು ತಿಂಗಳು ಸಂಬಳ ಬರದಿದ್ದರೂ ಭಾಗಿಸುವುದು 730ರಿಂದಲೇ. ಹಾಗಾಗಿ ರಜೆ ಜಾಸ್ತಿ ಹಾಕಿದವರಿಗೆ ಮೊತ್ತ ಕಮ್ಮಿ ಬರುತ್ತದೆ. 'ಅರ್ಧ ಸಂಬಳ ಅಂದ್ರಲ್ಲ, ನನಗ್ಯಾಕೆ ಇಷ್ಟೇ' ಅಂತ ಕೇಳುವವರಿಗೆ ಉತ್ತರ ಇದೇ. ಇದು ಬಾಡಿಗೆ, ರೇಷನ್‌ಗೆ ಆಗುವ ದುಡ್ಡು. ಮಗನ ಕಾಲೇಜ್ ಫೀಸ್ ಇದರಲ್ಲಿ ಕಟ್ಟುತ್ತೇನೆ ಅಂತ ಲೆಕ್ಕ ಹಾಕಬೇಡಿ.

ಎಚ್‌ಆರ್‌ನವರು 'ರಾಜೀನಾಮೆ ಬರೆದುಕೊಡಿ, ಸೆಟಲ್‌ಮೆಂಟ್ ಬೇಗ ಮಾಡ್ತೀವಿ' ಅಂತಿದ್ದಾರೆ. ಕೊಡಲಾ?

ನಿಲ್ಲಿ. ಈ ಒಂದು ಪ್ರಶ್ನೆಗೆ ಉದ್ದಕ್ಕೆ ಉತ್ತರ ಬರೆಯುತ್ತೇನೆ.

ಅವರೇ ತೆಗೆಯುತ್ತಿದ್ದರೆ ಅದು ರಾಜೀನಾಮೆ ಅಲ್ಲ. ನೀವು 'ಸ್ವಂತ ಕಾರಣಗಳಿಂದ' ಅಂತ ಬರೆದು ಸಹಿ ಹಾಕಿದ ಕ್ಷಣ ಕಾಗದದ ಮೇಲೆ ನೀವೇ ಬಿಟ್ಟ ಹಾಗಾಗುತ್ತದೆ. ಅವರೇ ತೆಗೆದರೆ ಅದಕ್ಕೆ ಕಾನೂನಿನಲ್ಲಿ ರಿಟ್ರೆಂಚ್‌ಮೆಂಟ್ ಅನ್ನುತ್ತಾರೆ. ಒಂದು ವರ್ಷ ಸತತ ಸೇವೆ ಇರುವ ಕಾರ್ಮಿಕರನ್ನು ಹಾಗೆ ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು. ಜೊತೆಗೆ ಪೂರ್ತಿಯಾದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಪರಿಹಾರ ಅಂತ ಕೊಡಬೇಕು. 6 ವರ್ಷ ದುಡಿದವರಿಗೆ ಅದು 90 ದಿನದ ಸಂಬಳ. ರಾಜೀನಾಮೆ ಕೊಟ್ಟವರಿಗೆ ಅದು ಸೊನ್ನೆ. ಸೆಟಲ್‌ಮೆಂಟ್ ಯಾಕೆ 'ಬೇಗ' ಆಗುತ್ತೆ ಅಂತ ಗೊತ್ತಾಯಿತಲ್ಲ?

ಇನ್ನು ಇಎಸ್‌ಐ ವಿಷಯ. ಕಂಪನಿಯವರು ಪ್ರತಿ ತಿಂಗಳು ವಂತಿಗೆ ತುಂಬುವ ಫೈಲಿನಲ್ಲಿ, ಯಾರಿಗಾದರೂ ದಿನ ಸೊನ್ನೆ ಇದ್ದರೆ ಪಕ್ಕದಲ್ಲಿ ಕಾರಣದ ಕೋಡ್ ಹಾಕಬೇಕು. 1 ಅಂದರೆ ರಜೆ. 2 ಅಂದರೆ ಕೆಲಸ ಬಿಟ್ಟರು. 3 ನಿವೃತ್ತಿ. 10 ಅಂದರೆ ರಿಟ್ರೆಂಚ್‌ಮೆಂಟ್. ಅದರ ಪಕ್ಕದಲ್ಲಿ ಕೊನೆಯ ದಿನದ ತಾರೀಖು. ಇದನ್ನು ತುಂಬುವವರು ಮಾಲೀಕರಲ್ಲ, ನನ್ನಂಥ ಒಬ್ಬ ಗುಮಾಸ್ತ. 15ನೇ ತಾರೀಖು ಸಂಜೆ, ಸರ್ವರ್ ನಿಧಾನ, ಮನೆಗೆ ಹೋಗುವ ಅವಸರ. ಯಾರು ಹೋಗಿದ್ದರೂ ನಾನು 2 ಒತ್ತುತ್ತಿದ್ದೆ. ತೆಗೆದವರಿಗೂ 2, ಬಿಟ್ಟವರಿಗೂ 2. ಅದರಿಂದ ಯಾರಿಗೆ ಏನು ತೊಂದರೆ ಆಗುತ್ತೆ ಅಂತ ಯೋಚಿಸಿಯೇ ಇರಲಿಲ್ಲ, ನಿಜ ಹೇಳಬೇಕೆಂದರೆ.

ನನ್ನ ಕೆಲಸ ಹೋದಾಗ ನನ್ನ ಜಾಗಕ್ಕೆ ಬಂದ ಹುಡುಗ ನನ್ನ ಹೆಸರಿನ ಮುಂದೂ 2 ಒತ್ತಿದ. ಅವನಿಗೆ ಕೆಲಸ ಕಲಿಸಿದವನು ನಾನೇ. ಶಾಖಾ ಕಚೇರಿಯಲ್ಲಿ 'ನೀವೇ ಬಿಟ್ಟಿದ್ದೀರಲ್ಲಾ' ಅಂದರು. ಪುಣ್ಯಕ್ಕೆ ನಾನು ರಾಜೀನಾಮೆ ಬರೆದುಕೊಟ್ಟಿರಲಿಲ್ಲ, ಕೆಲಸದಿಂದ ತೆಗೆದ ಪತ್ರ ಕೈಯಲ್ಲಿತ್ತು. ಕಂಪನಿಯಿಂದ ಒಂದು ತಿದ್ದುಪಡಿ ಪತ್ರ ಬರೆಸಿಕೊಂಡು ಬರಲು ಮೂರು ವಾರ ಓಡಾಡಿದೆ.

ಅಟಲ್ ಯೋಜನೆಯಲ್ಲಿ ನಿವೃತ್ತಿಯಾದವರಿಗೆ, ಸ್ವಯಂ ನಿವೃತ್ತಿ ತೆಗೆದುಕೊಂಡವರಿಗೆ, ದುರ್ನಡತೆಗಾಗಿ ವಜಾ ಆದವರಿಗೆ, ಕಾನೂನುಬಾಹಿರ ಮುಷ್ಕರದಲ್ಲಿ ಇದ್ದವರಿಗೆ ದುಡ್ಡು ಇಲ್ಲ. ನಿಮ್ಮ ಕೈಬರಹದ ರಾಜೀನಾಮೆ ಫೈಲಿನಲ್ಲಿದ್ದರೆ ಪ್ರಶ್ನೆ ಏಳದೆ ಇರುವುದಿಲ್ಲ.

ಆದ್ದರಿಂದ ಒತ್ತಾಯ ಮಾಡಿದರೆ ಹೀಗನ್ನಿ: 'ನೀವು ತೆಗೆಯುತ್ತಿದ್ದೀರಿ ಅಂತ ಬರೆದುಕೊಡಿ, ಅದನ್ನು ತೆಗೆದುಕೊಂಡೆ ಅಂತ ಸಹಿ ಹಾಕುತ್ತೇನೆ.' ಬಾಯಲ್ಲಿ ಹೇಳಲು ಭಯವಾದರೆ ವಾಟ್ಸಾಪ್‌ನಲ್ಲಿ ಕೇಳಿ. 'ನಾಳೆಯಿಂದ ಬರಬೇಡಿ ಅಂದಿದ್ದೀರಿ, ಸರೀನಾ ಸಾರ್?' ಅಂತ ಒಂದು ಸಾಲು ಹಾಕಿ. ಅವರು 'ಹೌದು' ಅಂದರೂ ಸಾಕ್ಷಿ. ಈಗಾಗಲೇ ಬರೆದುಕೊಟ್ಟಿದ್ದೀರಾ? ಬಲವಂತದಿಂದ ಕೊಟ್ಟದ್ದಾದರೆ ಆದಷ್ಟು ಬೇಗ ಕಾರ್ಮಿಕ ಇಲಾಖೆಗೆ ಲಿಖಿತ ದೂರು ಕೊಡಿ. ಬೆಂಗಳೂರಿನಲ್ಲಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ಇದೆ, ಜಿಲ್ಲೆಗಳಲ್ಲಿ ಕಾರ್ಮಿಕ ಅಧಿಕಾರಿಯ ಕಚೇರಿ ಇದೆ. ಒಂದು ತಿಂಗಳಾದ ಮೇಲೆ 'ಬಲವಂತ' ಅಂದರೆ ನಂಬಿಸುವುದು ಕಷ್ಟ.

ಅರ್ಜಿ ಹಾಕೋದು ಹೇಗೆ?

ಇಎಸ್‌ಐ ವೆಬ್‌ಸೈಟಿನಲ್ಲಿ ಐಪಿ ನಂಬರ್ ಹಾಕಿ ಲಾಗಿನ್ ಆಗಿ, ಅಟಲ್ ಯೋಜನೆಯ ಕ್ಲೇಮ್ ತುಂಬಬೇಕು. ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಅಪ್‌ಲೋಡ್ ಮಾಡಿ. ಮೊದಲು ಸ್ಟಾಂಪ್ ಪೇಪರಿನ ಮೇಲೆ ಅಫಿಡವಿಟ್ ಬೇಕಿತ್ತು, ನೋಟರಿ ಹತ್ತಿರ ಓಡಬೇಕಿತ್ತು. 2020ರ ನವೆಂಬರ್‌ನಲ್ಲಿ ಅದನ್ನು ತೆಗೆದರು. ದಾಖಲೆ ಅಪ್‌ಲೋಡ್ ಮಾಡಿದವರು ಕಾಗದದ ಅರ್ಜಿ ಕೊಡಬೇಕಾಗಿಲ್ಲ ಅಂತಲೂ ಹೇಳಿದರು. ಅಪ್‌ಲೋಡ್ ಆಗದಿದ್ದರೆ ಪ್ರಿಂಟ್ ತೆಗೆದು, ಸಹಿ ಹಾಕಿ, ದಾಖಲೆ ಸೇರಿಸಿ ನಿಮ್ಮ ಶಾಖಾ ಕಚೇರಿಗೆ ಕೊಡಿ. ನಾನಂತೂ ಎಲ್ಲರಿಗೂ ಹೇಳುವುದು, ಅಪ್‌ಲೋಡ್ ಆಗಿದ್ದರೂ ಒಂದು ಪ್ರಿಂಟ್ ಹಿಡಿದುಕೊಂಡು ಹೋಗಿ ಮುಖ ತೋರಿಸಿ ಬನ್ನಿ. ಫೈಲಿಗೆ ಮುಖ ಇದ್ದರೆ ಬೇಗ ಓಡುತ್ತದೆ.

ಮುಂದಿನ ದಿನಗಳಿಗೆ ಮೊದಲೇ ಕ್ಲೇಮ್ ಮಾಡಲು ಬರುವುದಿಲ್ಲ. ಕೆಲಸ ಇಲ್ಲದೆ ಕಳೆದ ದಿನಗಳಿಗೆ ಮಾತ್ರ.

ಆಧಾರ್‌ನಲ್ಲಿ ಒಂದು ಹೆಸರು, ಇಎಸ್‌ಐನಲ್ಲಿ ಇನ್ನೊಂದು. ತೊಂದರೆ ಆಗುತ್ತಾ?

ಆಗುತ್ತೆ. ನಮ್ಮ ಹೆಸರುಗಳ ಜಾತಕವೇ ಇದು. ಆಧಾರ್‌ನಲ್ಲಿ 'ಮಂಜುಳ ಕೆ', ಬ್ಯಾಂಕ್‌ನಲ್ಲಿ 'ಕೆ ಮಂಜುಳಾ', ಇಎಸ್‌ಐನಲ್ಲಿ ಗಂಡನ ಹೆಸರು ಸೇರಿಸಿ ಮತ್ತೊಂದು. ಇಂಗ್ಲಿಷ್‌ನಲ್ಲಿ ಬರೆಯುವಾಗ ಒಂದು ಕಡೆ ಒಂದು 'ಎ' ಜಾಸ್ತಿ. ಕಂಪ್ಯೂಟರಿಗೆ ಇವರು ಮೂರು ಜನ. ಆಧಾರ್‌ನಲ್ಲಿ ಇರುವ ಹಾಗೇ ಎಲ್ಲವನ್ನೂ ತಿದ್ದಿಸಿ, ಇನಿಷಿಯಲ್ ಎಲ್ಲಿದೆ ಅನ್ನುವುದನ್ನೂ ಬಿಡಬೇಡಿ. ಹುಟ್ಟಿದ ತಾರೀಖನ್ನೂ ನೋಡಿ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆಸಿದ ತಾರೀಖು ಒಂದು, ಆಧಾರ್‌ನಲ್ಲಿ ಜನವರಿ 1 ಅಂತ ಇರುವವರು ನಮ್ಮಲ್ಲಿ ಎಷ್ಟು ಜನ!

ಕೆಲಸ ಇರುವಾಗ ಇದನ್ನು ತಿದ್ದಿಸುವುದು ಸುಲಭ. ಕಂಪನಿ ಬಿಟ್ಟ ಮೇಲೆ ಅವರ ಸಹಿಗೆ ಅಲೆಯಬೇಕು.

ನಮ್ಮ ಫ್ಯಾಕ್ಟರಿಯನ್ನೇ ಮುಚ್ಚಿಬಿಟ್ಟರು. ನಮಗೆ ಬೇರೆ ಏನಾದರೂ ಇದೆಯಾ?

ಇದೆ, ಮತ್ತು ಇದು ಅಟಲ್‌ಗಿಂತ ದೊಡ್ಡದು. ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ ಅಂತ, 2005ರ ಏಪ್ರಿಲ್ 1ರಿಂದ ಇದೆ. ಫ್ಯಾಕ್ಟರಿ ಮುಚ್ಚಿದರೆ, ರಿಟ್ರೆಂಚ್‌ಮೆಂಟ್ ಆದರೆ, ಅಥವಾ ಕೆಲಸಕ್ಕೆ ಸಂಬಂಧ ಇಲ್ಲದ ಪೆಟ್ಟಿನಿಂದ 40 ಪರ್ಸೆಂಟ್ ಅಥವಾ ಜಾಸ್ತಿ ಶಾಶ್ವತ ಅಂಗವೈಕಲ್ಯ ಆದರೆ ಸಿಗುತ್ತದೆ. ಅಟಲ್‌ನಲ್ಲಿ 90 ದಿನ, ಇಲ್ಲಿ ಗರಿಷ್ಠ 2 ವರ್ಷದವರೆಗೆ. ಭತ್ಯೆ ಬರುವಷ್ಟು ದಿನ ಮನೆಯವರಿಗೂ ಇಎಸ್‌ಐ ಆಸ್ಪತ್ರೆ.

ಇಷ್ಟು ಒಳ್ಳೆಯ ಯೋಜನೆ ಜನರಿಗೆ ಯಾಕೆ ಗೊತ್ತಿಲ್ಲ? ನನ್ನ ಅಂದಾಜು ಹೇಳುತ್ತೇನೆ. ಮುಚ್ಚಿದ್ದೇವೆ, ತೆಗೆದಿದ್ದೇವೆ ಅಂತ ಕಾಗದದಲ್ಲಿ ಒಪ್ಪಿಕೊಳ್ಳುವ ಮಾಲೀಕರು ಕಮ್ಮಿ. ಶನಿವಾರ ಮಷೀನು ಲಾರಿಗೆ ಹೇರುತ್ತಾರೆ, ಸೋಮವಾರ ಗೇಟಿಗೆ ಬೀಗ. ಕೋಡ್ ಮಾತ್ರ ಅದೇ 2. ಹೀಗಾದವರು ಒಬ್ಬೊಬ್ಬರಾಗಿ ಹೋಗಬೇಡಿ, ಹತ್ತಿಪ್ಪತ್ತು ಜನ ಸೇರಿ ಒಂದೇ ಅರ್ಜಿಯಲ್ಲಿ ಸಹಿ ಹಾಕಿ ಕಾರ್ಮಿಕ ಅಧಿಕಾರಿಗೆ, ಇಎಸ್‌ಐ ಶಾಖಾ ಕಚೇರಿಗೆ ಕೊಡಿ. ಬೀಗ ಹಾಕಿದ ಗೇಟಿನ ಫೋಟೋ ಸೇರಿಸಿ.

ಕೆಲಸ ಹೋದ ದಿನವೇ ಇಎಸ್‌ಐ ಆಸ್ಪತ್ರೆ ಬಂದ್ ಆಗುತ್ತಾ?

ಇಲ್ಲ. ಇದು ತುಂಬಾ ಜನಕ್ಕೆ ಗೊತ್ತಿಲ್ಲ, ಸುಮ್ನೆ ಖಾಸಗಿ ಆಸ್ಪತ್ರೆಗೆ ದುಡ್ಡು ಸುರಿಯುತ್ತಾರೆ. ಒಂದು ವಂತಿಗೆ ಅವಧಿಯಲ್ಲಿ 78 ದಿನ ಬಿದ್ದಿದ್ದರೆ ಅದಕ್ಕೆ ಜೋಡಿಯಾದ ಸೌಲಭ್ಯದ ಅವಧಿ ಮುಗಿಯುವ ತನಕ ಚಿಕಿತ್ಸೆ ಇರುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಹೋಳಿಗೆ ಜೋಡಿ ಮುಂದಿನ ವರ್ಷದ ಜನವರಿಯಿಂದ ಜೂನ್. ಅಕ್ಟೋಬರ್‌ನಿಂದ ಮಾರ್ಚ್ ಹೋಳಿಗೆ ಜೋಡಿ ಜುಲೈಯಿಂದ ಡಿಸೆಂಬರ್. ಅಂದರೆ ಏಪ್ರಿಲ್‌ನಿಂದ ಪೂರ್ತಿ ದುಡಿದು ಆಗಸ್ಟ್ ಕೊನೆಗೆ ಕೆಲಸ ಹೋದರೂ ಮುಂದಿನ ಜೂನ್ 30ರವರೆಗೆ ರಾಜಾಜಿನಗರದ ಆಸ್ಪತ್ರೆಗೆ ಧೈರ್ಯವಾಗಿ ಹೋಗಬಹುದು.

ಪಿಎಫ್ ದುಡ್ಡು ಪೂರ್ತಿ ತೆಗೆಯಬಹುದಾ?

ಮೊದಲಿನ ನಿಯಮದಲ್ಲಿ ಕೆಲಸ ಹೋಗಿ ಒಂದು ತಿಂಗಳಾದ ಮೇಲೆ 75 ಪರ್ಸೆಂಟ್, ಎರಡು ತಿಂಗಳಾದ ಮೇಲೆ ಉಳಿದದ್ದು ತೆಗೆಯಬಹುದಿತ್ತು. 2025ರ ಅಕ್ಟೋಬರ್ 13ರಂದು ಪಿಎಫ್ ಟ್ರಸ್ಟಿಗಳ ಮಂಡಳಿ ಇದನ್ನು ಬದಲಿಸಲು ತೀರ್ಮಾನಿಸಿತು. ಅದರ ಪ್ರಕಾರ 75 ಪರ್ಸೆಂಟ್ ಕೂಡಲೇ ತೆಗೆಯಬಹುದು, ಆದರೆ ಉಳಿದ 25 ಪರ್ಸೆಂಟ್‌ಗೆ 12 ತಿಂಗಳು ಕಾಯಬೇಕು. ಪಿಂಚಣಿ ಭಾಗದ ದುಡ್ಡಿಗೆ 2 ತಿಂಗಳ ಬದಲು 36 ತಿಂಗಳು.

ಪಿಎಫ್ ನಿಯಮ ಮುಟ್ಟಿದರೆ ಬೆಂಗಳೂರಿಗೆ ಹಳೆಯದು ನೆನಪಾಗುತ್ತದೆ. 2016ರ ಏಪ್ರಿಲ್ 18 ಮತ್ತು 19. ಕಂಪನಿ ಹಾಕಿದ ಪಾಲನ್ನು 58 ವರ್ಷ ಆಗುವ ತನಕ ಮುಟ್ಟುವಂತಿಲ್ಲ ಅಂತ ಕೇಂದ್ರ ನಿಯಮ ತಂದಿತ್ತು. ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ದೊಡ್ಡ ಮುಖಂಡರು ಯಾರೂ ಕರೆದಿರಲಿಲ್ಲ. ಏಪ್ರಿಲ್ 19ರಂದೇ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಟೈಲರ್‌ಗೆ ಪಿಎಫ್ ಅಂದರೆ ನಿವೃತ್ತಿಯ ದುಡ್ಡಲ್ಲ. ಕೆಲಸ ಹೋದ ಮೇಲಿನ ಎರಡು ತಿಂಗಳ ಅನ್ನ, ಮಗಳ ಮದುವೆಯ ಚೀಟಿ.

ಹಾಗಂತ ಕಂಡಕೂಡಲೇ ಪೂರ್ತಿ ತೆಗೆಯಿರಿ ಅನ್ನುವುದಿಲ್ಲ. ಮೂರು ತಿಂಗಳಲ್ಲಿ ಬೇರೆ ಕೆಲಸ ಸಿಗುವ ನಂಬಿಕೆ ಇದ್ದರೆ ಬೇಕಾದಷ್ಟೇ ತೆಗೆದು, ಉಳಿದದ್ದನ್ನು ಹೊಸ ಕಂಪನಿಗೆ ವರ್ಗಾಯಿಸಿಕೊಳ್ಳಿ. 5 ವರ್ಷ ಸೇವೆ ಆಗುವ ಮೊದಲೇ 50,000ಕ್ಕಿಂತ ಜಾಸ್ತಿ ತೆಗೆದರೆ ಟಿಡಿಎಸ್ ಹಿಡಿಯುತ್ತಾರೆ ಅನ್ನುವುದೂ ತಲೆಯಲ್ಲಿರಲಿ.

ಕಂಪನಿಯವರು ಪಿಎಫ್‌ನಲ್ಲಿ ಕೊನೆಯ ದಿನವೇ ಹಾಕಿಲ್ಲ. ಏನು ಮಾಡೋದು?

ನೀವೇ ಹಾಕಬಹುದು. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ಯುಎಎನ್ (ನಿಮ್ಮ ಪಿಎಫ್ ನಂಬರ್) ಲಾಗಿನ್‌ನಲ್ಲಿ 'ಮ್ಯಾನೇಜ್' ಒತ್ತಿದರೆ 'ಮಾರ್ಕ್ ಎಕ್ಸಿಟ್' ಸಿಗುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ. ತಾರೀಖು ಹಾಕುವಾಗ ಹುಷಾರು, ಇಎಸ್‌ಐನಲ್ಲಿ ಇರುವ ಕೊನೆಯ ದಿನವೂ ಇದೂ ಒಂದೇ ಇರಲಿ.

ನನ್ನ ಸಂಬಳ 60,000. ಐಟಿಯಲ್ಲಿದ್ದೆ. ನನಗೇನೂ ಇಲ್ವಾ?

ಸರ್ಕಾರದ ಭತ್ಯೆ ಅಂತ ಇಲ್ಲ. ಇಎಸ್‌ಐ ಮಿತಿ ದಾಟಿದವರು ನೀವು. ಪಿಎಫ್, ಗ್ರಾಚ್ಯುಟಿ, ನೋಟಿಸ್ ಸಂಬಳ, ರಜೆಯ ದುಡ್ಡು, ಇವಿಷ್ಟೇ. ಕೆಲವು ಬ್ಯಾಂಕ್‌ಗಳು ಸಾಲದ ಜೊತೆ 'ಜಾಬ್ ಲಾಸ್' ವಿಮೆ ಮಾರುತ್ತವೆ. ಸಾಮಾನ್ಯವಾಗಿ ಅದು ಕೆಲವು ತಿಂಗಳ ಇಎಂಐ ಕಟ್ಟುತ್ತದೆ, ಅದೂ ಕಂಪನಿ ತೆಗೆದರೆ ಮಾತ್ರ. ಐಟಿಯಲ್ಲಿ ಯಾರನ್ನೂ ತೆಗೆಯುವುದೇ ಇಲ್ಲ, ಎಲ್ಲರೂ 'ಪೇಪರ್ ಹಾಕುತ್ತಾರೆ'. ಅಲ್ಲಿಗೆ ವಿಮೆಯೂ ಹೋಯಿತು. ಮೇಲೆ ರಾಜೀನಾಮೆಯ ಬಗ್ಗೆ ಹೇಳಿದ ಮಾತನ್ನೇ ನಿಮಗೂ ಹೇಳುತ್ತೇನೆ: ಸಹಿ ಹಾಕುವ ಮೊದಲು ಕಾರಣದ ಸಾಲು ಓದಿ.

ಸೆಟಲ್‌ಮೆಂಟ್ ಕೊಡದೆ ಸತಾಯಿಸುತ್ತಿದ್ದಾರೆ. ಎಷ್ಟು ದಿನ ಕಾಯಬೇಕು?

2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನ ಸಂಹಿತೆಯ ಪ್ರಕಾರ ತೆಗೆದರೂ, ಬಿಟ್ಟರೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. '45 ದಿನ ಆಗುತ್ತೆ, ಕಂಪನಿ ಪಾಲಿಸಿ' ಅಂದರೆ ಈ ಮಾತು ಎತ್ತಿ.

ಇನ್ನೊಂದು ಹೊಸದು, ಮರುಕೌಶಲ ನಿಧಿ. ರಿಟ್ರೆಂಚ್‌ಮೆಂಟ್ ಆದ ಪ್ರತಿ ಕಾರ್ಮಿಕರಿಗಾಗಿ ಮಾಲೀಕರು 15 ದಿನದ ಸಂಬಳದಷ್ಟು ಈ ನಿಧಿಗೆ ಹಾಕಬೇಕು. ಅದು 45 ದಿನದೊಳಗೆ ಕಾರ್ಮಿಕರ ಖಾತೆಗೆ ಬರಬೇಕು. ಇದು ಪರಿಹಾರದ ದುಡ್ಡಿಗೆ ಬದಲಿ ಅಲ್ಲ, ಅದರ ಜೊತೆಗೆ. ಇಲ್ಲೂ 'ರಿಟ್ರೆಂಚ್‌ಮೆಂಟ್' ಅನ್ನುವ ಪದ ಕಾಗದದಲ್ಲಿ ಇದ್ದರೆ ಮಾತ್ರ.

ಮಗಳು ಬಿಕಾಂ ಮುಗಿಸಿದ್ದಾಳೆ, ಕೆಲಸ ಸಿಕ್ಕಿಲ್ಲ. ಯುವನಿಧಿ ಬರುತ್ತಾ?

2022-23ನೇ ಸಾಲಿನಲ್ಲಿ ಅಥವಾ ಆಮೇಲೆ ಪಾಸಾಗಿದ್ದರೆ ನೋಡಬಹುದು. ಡಿಗ್ರಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಕೆಲಸ ಸಿಗುವ ತನಕ, ಇಲ್ಲವೇ 2 ವರ್ಷ, ಯಾವುದು ಮೊದಲೋ ಅಲ್ಲಿಯವರೆಗೆ. ಪಾಸಾಗಿ 180 ದಿನ ಕೆಲಸ ಇಲ್ಲದೆ ಇರಬೇಕು, ಕರ್ನಾಟಕದಲ್ಲಿ ಕನಿಷ್ಠ 6 ವರ್ಷ ಓದಿರಬೇಕು. ಎಂಕಾಂಗೆ ಸೇರಿದರೆ ಸಿಗುವುದಿಲ್ಲ. ಸ್ಟೈಪೆಂಡ್ ಬರುವ ಅಪ್ರೆಂಟಿಸ್‌ಗೂ ಇಲ್ಲ. ಸರ್ಕಾರಿ ಸಾಲ ಪಡೆದು ಸ್ವಂತ ಉದ್ಯೋಗ ಮಾಡುವವರಿಗೂ ಇಲ್ಲ.

ಐದು ಗ್ಯಾರಂಟಿಗಳಲ್ಲಿ ಕೊನೆಗೆ ಬಂದದ್ದು ಇದು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಕೊಟ್ಟರು. ಅರ್ಜಿ ಸೇವಾ ಸಿಂಧುವಿನಲ್ಲಿ. ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್‌ನಲ್ಲೂ ಹಾಕಬಹುದು.

ಎರಡು ಕಡೆ ಮಕ್ಕಳು ಎಡವುತ್ತಾರೆ. ಒಂದು, ಡಿಗ್ರಿ ಸರ್ಟಿಫಿಕೇಟ್ ವಿಶ್ವವಿದ್ಯಾಲಯದವರು ಡಿಜಿಲಾಕರ್‌ಗೆ ಏರಿಸಿರುವುದಿಲ್ಲ. ಆಗ ಕಾಲೇಜಿಗೆ ಹೋಗಿ ಪೀಡಿಸಬೇಕು. ಇನ್ನೊಂದು, ಸ್ವಯಂ ಘೋಷಣೆ. 'ನನಗಿನ್ನೂ ಕೆಲಸ ಸಿಕ್ಕಿಲ್ಲ, ಓದುತ್ತಲೂ ಇಲ್ಲ' ಅಂತ ಪೋರ್ಟಲ್‌ನಲ್ಲಿ ಆಗಾಗ ಹೇಳುತ್ತಿರಬೇಕು, ಮರೆತರೆ ಆ ಕಂತು ನಿಲ್ಲುತ್ತದೆ. ಮೊದಮೊದಲು ಪ್ರತಿ ತಿಂಗಳು 25ರೊಳಗೆ ಹೇಳಬೇಕಿತ್ತು. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಆಧಾರ್ ಜೋಡಣೆ ಆಗಿರುವ ಖಾತೆಗೆ ಮಾತ್ರ ದುಡ್ಡು ಬೀಳುತ್ತದೆ.

ಡೆಲಿವರಿ ಆ್ಯಪ್‌ನಲ್ಲಿ ಐಡಿ ಬ್ಲಾಕ್ ಮಾಡಿದ್ದಾರೆ. ಇದೂ ಕೆಲಸ ಹೋದ ಹಾಗೇ ಅಲ್ವಾ?

ನಿಮ್ಮ ಹೊಟ್ಟೆಗೆ ಹೌದು, ಇಎಸ್‌ಐ ಲೆಕ್ಕದಲ್ಲಿ ಅಲ್ಲ. ಭತ್ಯೆ ಇಲ್ಲ. ಆದರೆ 2025ರಲ್ಲಿ ಬಂದ ಕರ್ನಾಟಕದ ಗಿಗ್ ಕಾರ್ಮಿಕರ ಕಾನೂನಿನಲ್ಲಿ ತೆಗೆಯುವ ಮೊದಲು ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕು ಅಂತ ಇದೆ. ಆ ಕಾರಣ ಕೇಳುವ ಹಕ್ಕು ನಿಮಗಿದೆ.

ಕ್ಲೇಮ್ ಹಾಕಿದ ಮೇಲೆ ಸಣ್ಣಪುಟ್ಟ ಕೆಲಸ ಮಾಡಬಹುದಾ?

90 ದಿನದ ಮಧ್ಯೆ ಹೊಸ ಕೆಲಸ ಸಿಕ್ಕರೆ, ಸಿಕ್ಕ ದಿನದ ಹಿಂದಿನ ದಿನದವರೆಗೆ ಮಾತ್ರ ಅಟಲ್ ದುಡ್ಡು. ಮುಚ್ಚಿಟ್ಟರೆ ಸಿಕ್ಕಿಬೀಳುವುದು ಸುಲಭ. ಹೊಸ ಕಂಪನಿ ನಿಮ್ಮ ಅದೇ ಐಪಿ ನಂಬರಿಗೇ ವಂತಿಗೆ ಕಟ್ಟುತ್ತದಲ್ಲ.

ನಮ್ಮ ಅಣ್ಣ ದುಬೈನಲ್ಲಿದ್ದಾನೆ. ಅಲ್ಲಿ ಕೆಲಸ ಹೋದರೆ ದುಡ್ಡು ಬರುತ್ತೆ ಅಂತಾನೆ, ನಿಜಾನಾ?

ನಿಜ. ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು ಇದನ್ನು ತಿಳಿದಿರಬೇಕು. ಯುಎಇಯಲ್ಲಿ 2023ರ ಜನವರಿ 1ರಿಂದ ಕೆಲಸ ಹೋದವರ ವಿಮೆ ಕಡ್ಡಾಯ ಮಾಡಿದ್ದಾರೆ. ಮೂಲ ಸಂಬಳ 16,000 ದಿರ್ಹಂವರೆಗೆ ಇದ್ದರೆ ತಿಂಗಳಿಗೆ 5 ದಿರ್ಹಂ, ಅದಕ್ಕಿಂತ ಜಾಸ್ತಿ ಇದ್ದರೆ 10 ದಿರ್ಹಂ. ಇದನ್ನು ಕಟ್ಟಬೇಕಾದವನು ಕೆಲಸಗಾರನೇ, ಕಂಪನಿಯಲ್ಲ. ನೋಂದಾಯಿಸದಿದ್ದರೆ 400 ದಿರ್ಹಂ ದಂಡ.

ಸತತ 12 ತಿಂಗಳು ಕಟ್ಟಿದ್ದರೆ, ಕೊನೆಯ ಆರು ತಿಂಗಳ ಸರಾಸರಿ ಮೂಲ ಸಂಬಳದ 60 ಪರ್ಸೆಂಟ್, ಗರಿಷ್ಠ ಮೂರು ತಿಂಗಳು ಕೊಡುತ್ತಾರೆ. 'ಮೂಲ ಸಂಬಳ' ಅನ್ನುವುದನ್ನು ಒತ್ತಿ ಹೇಳುತ್ತೇನೆ. ಕೈಗೆ 5,000 ಬರುತ್ತಿದ್ದರೂ ಮೂಲ ಸಂಬಳ 3,000 ಇದ್ದರೆ ಸಿಗುವುದು ತಿಂಗಳಿಗೆ 1,800. ಕೆಲಸ ಹೋದ 30 ದಿನದೊಳಗೆ ಕ್ಲೇಮ್ ಹಾಕಬೇಕು. ರಾಜೀನಾಮೆ ಕೊಟ್ಟವರಿಗೆ, ಶಿಸ್ತು ಕ್ರಮದಲ್ಲಿ ಹೋದವರಿಗೆ ಇಲ್ಲ. ದೇಶ ಬಿಟ್ಟು ಬಂದವರಿಗೂ ಇಲ್ಲ. ಹಾಗಾಗಿ ಕೆಲಸ ಹೋಯಿತು ಅಂತ ಮಾರನೇ ದಿನವೇ ಮಂಗಳೂರಿನ ವಿಮಾನ ಹತ್ತಬೇಡ ಅಂತ ಅಣ್ಣನಿಗೆ ಹೇಳಿ.

ಅಮೆರಿಕದಲ್ಲಿ ಎಚ್‌1ಬಿ ಮೇಲೆ ಇದ್ದವರಿಗೆ?

ಅಲ್ಲಿನ ರಾಜ್ಯಗಳು ಕೊಡುವ ಭತ್ಯೆಗೆ 'ನಾಳೆಯೇ ಯಾವ ಕೆಲಸಕ್ಕಾದರೂ ಸೇರಲು ಸಿದ್ಧ' ಅನ್ನುವ ಸ್ಥಿತಿ ಬೇಕು. ಎಚ್‌1ಬಿ ಕಂಪನಿಗೆ ಕಟ್ಟಿಹಾಕಿದ ವೀಸಾ, ಹಾಗಾಗಿ ಸಾಮಾನ್ಯವಾಗಿ ಸಿಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಸಿಗುತ್ತದೆ. ಎಚ್‌1ಬಿಯವರ ತಲೆನೋವು ಬೇರೆ, ಹೊಸ ಕಂಪನಿ ಹುಡುಕಲು ಗರಿಷ್ಠ 60 ದಿನ.

ಏಜೆಂಟ್ ಒಬ್ಬರು 'ನಾನು ಮಾಡಿಸಿಕೊಡ್ತೀನಿ, ಇಷ್ಟು ಪರ್ಸೆಂಟ್ ಕೊಡಿ' ಅಂದರು.

ಇಎಸ್‌ಐ, ಪಿಎಫ್ ಕ್ಲೇಮ್‌ಗೆ ಶುಲ್ಕವೇ ಇಲ್ಲ. ಸೈಬರ್‌ನವರಿಗೆ ಟೈಪಿಂಗ್, ಪ್ರಿಂಟಿನ ದುಡ್ಡು ಕೊಡಿ, ಅದು ನ್ಯಾಯ. ಪರ್ಸೆಂಟ್ ಕೇಳುವವರಿಗೆ ಬೇಡ. ಒಟಿಪಿ ಯಾರಿಗೂ ಹೇಳಬೇಡಿ. ನಿಮ್ಮ ಮೊಬೈಲ್ ನಂಬರಿನ ಬದಲು ತನ್ನ ನಂಬರ್ ಹಾಕಿಕೊಳ್ಳುವ ಏಜೆಂಟರೂ ಇದ್ದಾರೆ. ಆಮೇಲೆ ಲಾಗಿನ್ ಅವರ ಕೈಯಲ್ಲಿ.

ಯಾವ್ಯಾವ ಕಾಗದ ಇಟ್ಟುಕೊಂಡಿರಬೇಕು?

ಹೋದ ವರ್ಷ ಲಗ್ಗೆರೆಯಿಂದ ಒಬ್ಬ ಹೆಂಗಸು ಬಂದಿದ್ದರು, ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ. ಸೀರೆ ಅಂಗಡಿಯ ಒಂದು ಬಟ್ಟೆಯ ಚೀಲ ಮೇಜಿನ ಮೇಲೆ ಸುರಿದರು. ಪ್ರತಿ ತಿಂಗಳ ಪೇ ಸ್ಲಿಪ್, ಬೆರಳಗಲದ ಚೀಟಿಗಳು, ವರ್ಷಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದರು. ಗೇಟ್ ಪಾಸ್, ಪೆಹಚಾನ್ ಕಾರ್ಡ್, ಸೂಪರ್‌ವೈಸರ್ 'ಸೋಮವಾರದಿಂದ ಬರಬೇಡಿ' ಅಂತ ಕಳಿಸಿದ ವಾಟ್ಸಾಪ್ ಮೆಸೇಜಿನ ಪ್ರಿಂಟ್. ಕಂಪನಿ ಒಂದು ಹೋಳಿನಲ್ಲಿ 71 ದಿನ ಅಂತ ತೋರಿಸಿತ್ತು. ಆ ಚೀಟಿಗಳನ್ನು ಒಂದೊಂದಾಗಿ ಕೂಡಿಸಿದೆವು, 83 ಬಂತು. ಚೀಟಿಗಳ ಜೆರಾಕ್ಸ್ ಸೇರಿಸಿ ಅರ್ಜಿ ಕೊಟ್ಟರು. ಒಂದು ತಿಂಗಳ ಮೇಲೆ ಸ್ವಲ್ಪ ದಿನವಾಗಿತ್ತು, ಖಾತೆಗೆ ದುಡ್ಡು ಬಿತ್ತು ಅಂತ ಫೋನ್ ಮಾಡಿದರು. ಅವರು ಓದಿದ್ದು ನಾಲ್ಕನೇ ಕ್ಲಾಸ್. ಚೀಟಿ ಯಾಕೆ ಇಟ್ಟುಕೊಂಡಿರಿ ಅಂತ ಕೇಳಿದ್ದಕ್ಕೆ, 'ಬಿಸಾಡೋಕೆ ಮನಸ್ಸು ಬರಲಿಲ್ಲ ಸಾರ್, ದುಡಿದಿದ್ದಲ್ವಾ' ಅಂದರು.